ಹಡಗಿನಿಂದ ಇಳಿದು ಬರೆ

ಪ್ರೀತಿಯ ತಂಗಿಗೆ,

ವಾಸ್ಕೋ ಡ ಗಾಮನ ಮೇಲೆ ನೀನು ಬರೆದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಮೊದಲ ಪುಟದಲ್ಲೇ ಅವನ ಹಡಗು ಹತ್ತಿದವಳು ಕೊನೆಯವರೆಗೂ ಇಳಿದೇ ಇಲ್ಲ. ಬಿರುಗಾಳಿ, ಸಾಹಸ, ಯಾರೂ ಕಾಣದ ಕಡಲು ಅಂತೆಲ್ಲ ಬರೆದಿದ್ದೀಯ. ಯಾರೂ ಕಾಣದ ಕಡಲು ಹೇಗಾಗುತ್ತೆ? ಆಫ್ರಿಕದ ಮಾಲಿಂದಿಯಲ್ಲಿ ದಾರಿ ತೋರಿಸಲು ಹಡಗು ಹತ್ತಿದ ನಾವಿಕನಿಗೆ ಅದು ಬಳಕೆಯ ದಾರಿ. ಗಾಳಿಯ ಲೆಕ್ಕ ಅವನಿಗೆ ಗೊತ್ತಿತ್ತು. 23 ದಿನಕ್ಕೆ ಮಲಬಾರಿನ ಕರಾವಳಿ ಕಾಣಿಸಿತು.

ವಾಪಸ್ ಹೋಗುವಾಗಿನ ಕತೆ ನೋಡು. 1498ರ ಅಕ್ಟೋಬರ್‌ನಲ್ಲಿ, ನಮ್ಮ ಕಾರವಾರದ ಎದುರಿಗಿರುವ ಅಂಜುದೀವ ದ್ವೀಪದಿಂದ ಹೊರಟರು. ಗಾಳಿ ಕೂಡಿ ಬರಲಿಲ್ಲ. ಅದೇ ಕಡಲು ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಸ್ಕರ್ವಿ ಅನ್ನೋ ಕಾಯಿಲೆಯಿಂದ ವಸಡು ಊದಿ ಹಲ್ಲನ್ನೇ ಮುಚ್ಚಿತು, ಊಟ ಮಾಡೋಕೆ ಆಗುತ್ತಿರಲಿಲ್ಲ. 30 ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸಕ್ಕೆ ಉಳಿದವರು ಏಳೆಂಟು ಜನ. ಕೊನೆಗೆ ನಡೆಸಲು ಆಳಿಲ್ಲದೆ ಒಂದು ಹಡಗನ್ನೇ ಸುಟ್ಟರು. ಇದನ್ನೆಲ್ಲ ಬಿಟ್ಟು ಸುಮ್ನೆ ‘ಕಷ್ಟಪಟ್ಟು ಮರಳಿದರು’ ಅಂತ ಯಾಕೆ ಬರೆದೆ?

ಈ ಯಾನದ ಕಾರಣಗಳ ವಿಷಯದಲ್ಲಿ ನೀನು ಅವಸರ ಮಾಡಿದ್ದೀಯ. 1453ರಲ್ಲಿ ತುರ್ಕರು ಕಾನ್‌ಸ್ಟಾಂಟಿನೋಪಲ್ ಗೆದ್ದರು, ಪೂರ್ವಕ್ಕೆ ವ್ಯಾಪಾರದ ದಾರಿ ಮುಚ್ಚಿತು, ಹೊಸ ದಾರಿ ಹುಡುಕಿದರು ಅನ್ನೋದು ಪಾಠದ ಪುಸ್ತಕದಲ್ಲಿ ಎಲ್ಲರೂ ಓದಿದ್ದೇ. ಆದರೆ ಪೋರ್ಚುಗೀಸರು ಆಫ್ರಿಕದ ಸ್ಯೂಟಾ ಹಿಡಿದದ್ದು 1415ರಲ್ಲಿ. 1453ರ ನಂತರವೂ ಕಾಳುಮೆಣಸು ಅಲೆಕ್ಸಾಂಡ್ರಿಯದ ಮೂಲಕ ವೆನಿಸ್‌ಗೆ ಹೋಗುತ್ತಲೇ ಇತ್ತು. ಲಾಭ ಮಾತ್ರ ಬೇರೆಯವರದು. ಪೋರ್ಚುಗೀಸರಿಗೆ ಆ ಲಾಭ ಬೇಕಿತ್ತು. ಆಫ್ರಿಕದ ಚಿನ್ನ ಬೇಕಿತ್ತು. ಮುಸ್ಲಿಂ ದೊರೆಗಳ ಎದುರು ನಿಲ್ಲಲು ಕ್ರೈಸ್ತ ಜೊತೆಗಾರರೂ ಬೇಕಿತ್ತು.

ಇನ್ನು ಕಲ್ಲಿಕೋಟೆಯ ದೊರೆ ಸಾಮೂದಿರಿಗೆ ಗಾಮ ತಂದ ಉಡುಗೊರೆ. ಅದನ್ನು ನೀನು ಒಂದೇ ಮಾತಲ್ಲಿ ದಾಟಿಸಿಬಿಟ್ಟೆ. 12 ತುಂಡು ಪಟ್ಟೆ ಬಟ್ಟೆ, 4 ಕೆಂಪು ಕುಲಾವಿ, 6 ಹ್ಯಾಟು, 4 ಹವಳದ ಸರ, ಕೈತೊಳೆಯುವ 6 ಬೋಗುಣಿ, ಒಂದಿಷ್ಟು ಸಕ್ಕರೆ, ಎಣ್ಣೆ, ಜೇನು. ಅರಮನೆಯ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದಿಂದ ಬರುವ ಬಡ ವ್ಯಾಪಾರಿಯೂ ಇದಕ್ಕಿಂತ ಜಾಸ್ತಿ ಕೊಡುತ್ತಾನೆ, ಕೊಡೋದಾದರೆ ಚಿನ್ನ ಕೊಡಿ ಅಂದರು. ಇಲ್ಲಿ ನಿಲ್ಲು. ಈ ಪೇಟೆಯಲ್ಲಿ ಮಾರಲು ಪೋರ್ಚುಗೀಸರ ಹತ್ತಿರ ಹೆಚ್ಚೇನೂ ಇರಲಿಲ್ಲ. ಇದ್ದದ್ದು ಫಿರಂಗಿ. 1502ರಲ್ಲಿ ಅದೇ ಗಾಮ ಮತ್ತೆ ಬಂದ. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಹೆಂಗಸರು ಮಕ್ಕಳಿದ್ದ ಹಾಗೆಯೇ ಸುಟ್ಟ. ಮುಂದೆ ಪೋರ್ಚುಗೀಸರು ‘ಕಾರ್ತಾಜ್’ ಅನ್ನೋ ರಹದಾರಿ ಚೀಟಿ ತಂದರು. ಚೀಟಿ ಇಲ್ಲದ ಹಡಗು ಸಿಕ್ಕರೆ ಸರಕೆಲ್ಲ ಜಪ್ತಿ. ಅಲ್ಲಿವರೆಗೆ ಯಾರ ಅಪ್ಪಣೆಯೂ ಇಲ್ಲದೆ ಓಡಾಡಿದ ವ್ಯಾಪಾರಿ ತನ್ನ ಕಡಲಲ್ಲೇ ದುಡ್ಡು ಕೊಟ್ಟು ಚೀಟಿ ಪಡೆಯಬೇಕಾಯಿತು. ಉಡುಗೊರೆಯಿಂದ ಚೀಟಿಯವರೆಗಿನ ಈ ದಾರಿಯೇ ನಿನ್ನ ಲೇಖನದ ಬೆನ್ನೆಲುಬು ಆಗಬೇಕು ಅಂತ ನನಗೆ ಅನಿಸುತ್ತೆ.

ಪರಿಣಾಮಗಳಲ್ಲಿ ‘ಒಳ್ಳೆಯದೂ ಆಯಿತು, ಕೆಟ್ಟದ್ದೂ ಆಯಿತು’ ಅಂತ ತೂಗಿದ್ದೀಯ. ದಯವಿಟ್ಟು ಅದನ್ನು ತೆಗೆ. ಅಮೆರಿಕದಿಂದ ಮೆಣಸಿನಕಾಯಿ, ಗೋಡಂಬಿ, ಆಲೂಗಡ್ಡೆ ನಮ್ಮ ಅಡಿಗೆಮನೆಗೆ ಬಂದದ್ದು ನಿಜ. ಅದೇ ಅಮೆರಿಕದಲ್ಲಿ ಸಿಡುಬು ಊರೂರನ್ನೇ ಬರಿದು ಮಾಡಿತು. ಅಲ್ಲಿಯ ಗಣಿ, ಕಬ್ಬಿನ ಗದ್ದೆಗಳಿಗಾಗಿ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಹಡಗಿಗೆ ತುಂಬಿದರು. ಮೆಣಸಿನಕಾಯಿಯನ್ನು ಇದಕ್ಕೆ ಎದುರಾಗಿ ತಕ್ಕಡಿಗೆ ಹಾಕೋಕಾಗಲ್ಲ. ಎರಡನ್ನೂ ಬರೆ, ಲೆಕ್ಕ ಸರಿದೂಗಿಸಬೇಡ.

ಹೊನ್ನಾವರದ ತಿಮ್ಮಯ್ಯನನ್ನು ಮಾತ್ರ ಬಿಡಬೇಡ. ಪೋರ್ಚುಗೀಸರ ಬಾಯಲ್ಲಿ ಅವನು ತಿಮೋಜಾ. 1510ರಲ್ಲಿ ಬಿಜಾಪುರದ ಕೈಲಿದ್ದ ಗೋವಾದ ಮೇಲೆ ಬೀಳು ಎಂದು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ಹೇಳಿದವನು, ಜೊತೆಗೂ ಹೋದವನು. ಅವನನ್ನು ದ್ರೋಹಿ ಅಂತ ಒಂದೇ ಏಟಿಗೆ ಬರೆದುಬಿಡಬೇಡ. ಗೋವಾದಲ್ಲಿ ಪೋರ್ಚುಗೀಸರು ಆಳಲಿದ್ದ ಮುಂದಿನ 450 ವರ್ಷ ಅವನಿಗೆ ಗೊತ್ತಿರಲಿಲ್ಲ, ಅಲ್ವಾ? ಆ ವರ್ಷ ಅವನಿಗೆ ಏನು ಕಾಣುತ್ತಿತ್ತು, ಯಾರ ಮೇಲೆ ಸಿಟ್ಟಿತ್ತು, ಯಾವ ಆಸೆಯಿತ್ತು ಅಂತ ಹುಡುಕು.

ಆ ಭಾಗ ಬರೆದ ಕೂಡಲೇ ಕಳಿಸು. ಉಳಿದದ್ದನ್ನು ಆಮೇಲೆ ತಿದ್ದೋಣ.

ನಿನ್ನ ಅಕ್ಕ