ಮೇವನ್ ಗಂಟು ಬಿಡಿಸಿದ ಅಣ್ಣಾರಿಗೆ

ಹುಬ್ಬಳ್ಳಿ ಗೋಕುಲ ರೋಡಿನ ಅಣ್ಣಾರ, ಹೆಸರು ಬರೀಬ್ಯಾಡ್ರಿ ಅಂದೀರಿ, ಬರಿಯೂದಿಲ್ಲ. ಜಾವಾ ಕೋಡ್ ಬಿಲ್ಡ್ ಮಾಡೋ, ಅಂದ್ರ ಓಡೂ ಹಂಗ ಕಟ್ಟೋ, ಮೇವನ್ ಅನ್ನೋ ಟೂಲಿನ ಗಂಟು ಬಿಡಿಸಿಕೊಟ್ರಲ್ಲ, ಥ್ಯಾಂಕ್ಸ್ ಅಂತೂ ತಗೋರಿ.

ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿ ಸಾಫ್ಟ್‌ವೇರಿನಾಗ ಮಾಡ್ಯೂಲ್ (ಕೋಡಿನ ಬ್ಯಾರೆ ಬ್ಯಾರೆ ಭಾಗ) ಮೂರು: ತೂಕ, ದರ, ಬಿಲ್. ಬಿಲ್ ಫೋಲ್ಡರಿನಾಗ ನಿಂತು ಮೇವನ್ ಓಡಿಸಿದ್ರ ಪಕ್ಕದ ದರ ಮಾಡ್ಯೂಲಿನ ಹೊಸ ಸೋರ್ಸ್ ಅದಕ್ಕ ಕಾಣೂದಿಲ್ಲ. ಲೋಕಲ್ ರೆಪಾಸಿಟರಿಯೊಳಗ (ನಮ್ಮ ಕಂಪ್ಯೂಟರಿನಾಗ ಮೇವನ್ ಇಟ್ಕೊಂಡ ಸಂಗ್ರಹ) ಹಿಂದ ಇನ್‌ಸ್ಟಾಲ್ ಆದ ಜಾರ್ (ಕಟ್ಟಿಟ್ಟ ಕೋಡಿನ ಫೈಲ್) ತಗೋತೈತಿ. ಜಾರ್ ಇಲ್ಲಂದ್ರ ಬಿಲ್ಡ್ ನಿಲ್ತೈತಿ, ಅದು ಪುಣ್ಯ. ಹಳೇದು ಸಿಕ್ಕರ ಬಿಲ್ಡ್ ಪಾಸಾಗಿ ಲೆಕ್ಕ ತಪ್ಪತೈತಿ!

ನೀವು ಹೇಳಿಕೊಟ್ಟದ್ದು: ಪೇರೆಂಟ್ ಪೋಮ್ (ಎಲ್ಲಾ ಮಾಡ್ಯೂಲಿನ ತಾಯಿ ಸೆಟಿಂಗ್ ಫೈಲ್) ಇರೋ ಫೋಲ್ಡರಿನಿಂದ ‘-ಪಿಎಲ್’ (-pl, ಯಾವ ಮಾಡ್ಯೂಲ್ ಅಂತ ಹೇಳೂದು) ಮುಂದ ಬಿಲ್ ಹೆಸರು, ಜೊತೀಗೆ ‘-ಎಎಮ್’ (-am, ಅದಕ್ಕ ಬೇಕಾದ ಮಾಡ್ಯೂಲೂ ಸೇರಿಸೂದು), ಆಮ್ಯಾಲೆ ವೆರಿಫೈ (ಕಟ್ಟಿ ಪರೀಕ್ಷೆ ಮಾಡೋ ಆಜ್ಞೆ). ಆಗ ರಿಯಾಕ್ಟರ್ (ಮಾಡ್ಯೂಲ್‌ಗಳನ್ನ ಕಟ್ಟೋ ಕೆಲಸ ನೋಡೋ ಮೇವನ್ ಭಾಗ) ಬಿಲ್ಲಿಗೆ ಬೇಕಾದ ಮಾಡ್ಯೂಲಷ್ಟ ಆರಿಸಿ, ಯಾವುದು ಯಾವುದರ ಮ್ಯಾಲೆ ನಿಂತೈತಿ ನೋಡಿ ಸರದಿ ಹಚ್ಚತೈತಿ. ‘-ಎಎಮ್’ ಬಿಟ್ಟರ ಮತ್ತ ಅದ ಹಳೇ ಜಾರ್.

ತೂಕ, ದರ ಒಂದಕ್ಕೊಂದು ಜೋತುಬಿದ್ದರ ರಿಯಾಕ್ಟರ್ ಸರದಿನ ಹಚ್ಚೂದಿಲ್ಲ. ಅದಕ್ಕ ಎಕ್ಸ್‌ಕ್ಲೂಷನ್ (ಒಂದು ಡಿಪೆಂಡೆನ್ಸಿ ಬ್ಯಾಡ ಅಂತ ತಗಿಯೂದು) ಮದ್ದಲ್ಲ. ಎರಡಕ್ಕೂ ಬೇಕಾದ ಕ್ಲಾಸ್ ತಗದು ನಾಕನೇ ಮಾಡ್ಯೂಲಿಗೆ ಹಾಕ್ರಿ ಅಂದ್ರಿ. ಲೈಬ್ರರಿ ವರ್ಷನ್ ಮಾತ್ರ ಪೇರೆಂಟಿನ ಡಿಪೆಂಡೆನ್ಸಿ ಮ್ಯಾನೇಜ್‌ಮೆಂಟಿನಾಗ, ಅಂದ್ರ ವರ್ಷನ್ ಬರಿಯೋ ಭಾಗದಾಗ, ಒಂದ ಕಡೆ. ಈಗ ಹಂಗ ಐತ್ರಿ.