ಕಾರಿಗೆ ಕರೆಂಟು ಹಾಕುವ ಲೆಕ್ಕ

ಕವೆಂಟ್ರಿ, ಇಂಗ್ಲೆಂಡ್
ಫೆಬ್ರವರಿ 2026

ಪ್ರೀತಿಯ ತಮ್ಮ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಅಮ್ಮನ ಮಂಡಿನೋವು ಈಗ ಹೇಗಿದೆ, ಮರೆಯದೆ ತಿಳಿಸು. ಮೊನ್ನೆ ಫೋನಿನಲ್ಲಿ ನೀನು ಎಲೆಕ್ಟ್ರಿಕ್ ಕಾರಿನ ವಿಷಯ ಎತ್ತಿದೆ. ಅಷ್ಟರಲ್ಲಿ ಅಪ್ಪ "ದಾರಿಯಲ್ಲಿ ಕೈಕೊಟ್ಟರೆ ಏನು ಮಾಡ್ತೀಯೋ?" ಅಂತ ಶುರು ಮಾಡಿದರು, ಮಾತು ಅಲ್ಲಿಗೇ ನಿಂತಿತು. ಈ ಲೆಕ್ಕವೆಲ್ಲ ಫೋನಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ಒಂದು ಸಲ ಚಾರ್ಜ್ ಮಾಡೋಕೆ ಎಷ್ಟು ಖರ್ಚಾಗುತ್ತದೆ ಅಂತ ನೀನು ಕೇಳಿದೆ, ಅಲ್ವಾ? ಇಲ್ಲಿ ಕಾರು ಯಾವುದು ಅಂತ ನೋಡಿ ಅದನ್ನು ಹೇಳೋಕಾಗಲ್ಲ. ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ ಅಂತ ನೋಡಿ ಹೇಳಬೇಕು.

ನಮ್ಮ ಕಾರಿನ ಬ್ಯಾಟರಿ 60 ಯೂನಿಟ್ ಹಿಡಿಯುತ್ತದೆ. ಶೇಕಡಾ 20ರಿಂದ 80ಕ್ಕೆ ಏರಿಸೋಕೆ 36 ಯೂನಿಟ್ ಬೇಕು. ಅಷ್ಟರಲ್ಲಿ ಸುಮಾರು 200 ಕಿಲೋಮೀಟರ್ ಓಡುತ್ತದೆ. ನಮ್ಮ ಮನೆಗೆ ರಾತ್ರಿ 11:30ರಿಂದ ಬೆಳಿಗ್ಗೆ 5:30ರವರೆಗೆ ಯೂನಿಟ್‌ಗೆ 7 ಪೆನ್ಸ್ (ನೂರು ಪೆನ್ಸ್ ಸೇರಿದರೆ ಒಂದು ಪೌಂಡ್). ಎರಡೂವರೆ ಪೌಂಡಿಗೆ ಕೆಲಸ ಮುಗಿಯಿತು. ಅದೇ ಹಗಲು ಹಾಕಿದರೆ ಯೂನಿಟ್‌ಗೆ 28 ಪೆನ್ಸ್, ಅಂದರೆ ಹತ್ತು ಪೌಂಡ್. ಬೀದಿದೀಪದ ಕಂಬದಿಂದ ತೆಗೆದುಕೊಂಡರೆ ಯೂನಿಟ್‌ಗೆ ಸುಮಾರು 50 ಪೆನ್ಸ್, ಒಟ್ಟು 18 ಪೌಂಡ್. ಹೆದ್ದಾರಿ ಪಕ್ಕದ ಫಾಸ್ಟ್ ಚಾರ್ಜರ್‌ನಲ್ಲಿ 78 ಪೆನ್ಸ್ ಆಸುಪಾಸು, ಅಂದರೆ 28 ಪೌಂಡ್. ಇಷ್ಟೇ ದೂರ ಪೆಟ್ರೋಲ್ ಕಾರಿನಲ್ಲಿ ಹೋಗಿದ್ದರೆ 19 ಪೌಂಡಿಗೆ ಮುಗಿಯುತ್ತಿತ್ತು. ಅದೇ ಕಾರು, ಅದೇ ದೂರ, ಖರ್ಚಿನಲ್ಲಿ ಹತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಒಂದು ಪೌಂಡಿಗೆ 120 ರೂಪಾಯಿ ಅಂತ ಹಿಡಿದು ಅಪ್ಪನಿಗೆ ಲೆಕ್ಕ ಹೇಳು.

ಮೊದಲು ನಾವಿದ್ದ ಮನೆ ನಿನಗೆ ನೆನಪಿರಬಹುದು, ವಿಡಿಯೋದಲ್ಲಿ ತೋರಿಸಿದ್ದೆ. ಗೋಡೆಗೆ ಗೋಡೆ ಅಂಟಿಕೊಂಡ ಸಾಲುಮನೆ. ಬಾಗಿಲು ತೆಗೆದರೆ ಫುಟ್‌ಪಾತ್, ಅದರಾಚೆ ರಸ್ತೆ. ಕಾರು ರಸ್ತೆಯಲ್ಲೇ ನಿಲ್ಲಬೇಕು. ಈ ಊರಿನಲ್ಲಿ ಎಷ್ಟೋ ಬೀದಿದೀಪದ ಕಂಬಗಳಿಗೇ ಚಾರ್ಜಿಂಗ್ ಸಾಕೆಟ್ ಕೂರಿಸಿದ್ದಾರೆ. ಮೊಣಕಾಲೆತ್ತರಕ್ಕಿಂತ ಸ್ವಲ್ಪ ಮೇಲೆ ಒಂದು ಸಣ್ಣ ಮುಚ್ಚಳ. ಡಿಕ್ಕಿಯಿಂದ ನಮ್ಮ ಕೇಬಲ್ ತೆಗೆದು ಒಂದು ತುದಿ ಅಲ್ಲಿಗೆ, ಇನ್ನೊಂದು ಕಾರಿಗೆ. ಮಳೆ ಬಂದ ದಿನ ಕೇಬಲ್ಲಿಗೆಲ್ಲ ಕೆಸರು. ಸುತ್ತಿ ಒಳಗಿಡುವಷ್ಟರಲ್ಲಿ ಕೋಟಿನ ತೋಳು ಒದ್ದೆ.

ಕೇಬಲ್ ಸುತ್ತೋದು ದೊಡ್ಡ ಕಷ್ಟವೇನಲ್ಲ. ಕಷ್ಟ ಜಾಗದ್ದು. ಆ ಕಂಬದ ಮುಂದಿನ ಜಾಗ ಯಾರಿಗೂ ಮೀಸಲಲ್ಲ. ಯಾರ ಪೆಟ್ರೋಲ್ ಕಾರೂ ಬಂದು ನಿಲ್ಲಬಹುದು, ಅದು ತಪ್ಪೂ ಅಲ್ಲ. ಸಂಜೆ ಅಡುಗೆ ಮಾಡುತ್ತಲೇ ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ. ಜಾಗ ಖಾಲಿಯಾದ ತಕ್ಷಣ ನಿನ್ನ ಭಾವ ಚಪ್ಪಲಿಯಲ್ಲೇ ಓಡಿ ಕಾರು ತಂದು ನಿಲ್ಲಿಸುತ್ತಿದ್ದರು. ಮನೆಯ ಸಾಕೆಟ್‌ನಿಂದ ಫುಟ್‌ಪಾತ್ ಮೇಲೆ ವೈರ್ ಎಳೆದುಬಿಡಬಹುದಿತ್ತು, ಕೆಲವರು ಹಾಗೆ ಮಾಡುತ್ತಾರೆ ಕೂಡ. ಆದರೆ ಎದುರು ಮನೆಯ ಅಜ್ಜಿ ಕೋಲೂರಿಕೊಂಡು ದಿನಾ ಅದೇ ದಾರಿಯಲ್ಲಿ ಬ್ರೆಡ್ ತರೋಕೆ ಹೋಗುತ್ತಿದ್ದರು. ಅವರ ಕೋಲು ನಮ್ಮ ವೈರಿಗೆ ಸಿಕ್ಕಿಕೊಂಡರೆ? ಅದನ್ನು ನೆನೆಸಿಕೊಂಡೇ ನಾವು ಆ ಕೆಲಸಕ್ಕೆ ಕೈಹಾಕಲಿಲ್ಲ.

ಈಗಿನ ಮನೆಯ ಮುಂದೆ ನಮ್ಮದೇ ಎರಡು ಕಾರಿನ ಜಾಗವಿದೆ. ಗೋಡೆಗೆ 7 ಕಿಲೋವ್ಯಾಟ್ ಚಾರ್ಜರ್ ಹಾಕಿಸಿದೆವು, ಖರ್ಚು ಒಂದೇ ಸಲಕ್ಕೆ ಇಳಿಯಿತು. ಸಂಬಳ ಹೆಚ್ಚಲಿಲ್ಲ, ಕಾರು ಬದಲಾಗಲಿಲ್ಲ. ಬದಲಾಗಿದ್ದು ಮನೆ ಮುಂದಿನ ಹತ್ತು ಅಡಿ ನೆಲ ಮಾತ್ರ.

ಇದು ನನಗೆ ಸರಿ ಅನ್ನಿಸೋದೇ ಇಲ್ಲ ಕಣೋ. ಜಾಗ ಇದ್ದವರಿಗೆ ಅಗ್ಗ, ಸಾಲುಮನೆಯವರಿಗೆ, ಫ್ಲ್ಯಾಟಿನವರಿಗೆ ದುಬಾರಿ. ಅದು ಸಾಲದು ಅಂತ ತೆರಿಗೆ ಬೇರೆ. ಮನೆಯ ಕರೆಂಟಿಗೆ ಶೇಕಡಾ 5 ತೆರಿಗೆ, ಬೀದಿಯ ಚಾರ್ಜರ್‌ಗೆ ಶೇಕಡಾ 20. ಕಡಿಮೆ ಇದ್ದವರೇ ಜಾಸ್ತಿ ಕಟ್ಟಬೇಕು. ನನ್ನ ಜೊತೆ ಕೆಲಸ ಮಾಡುವ ನರ್ಸ್‌ಗಳಲ್ಲಿ ಎಷ್ಟೋ ಜನ ಇದೇ ಕಾರಣಕ್ಕೆ ಇನ್ನೂ ಹಳೇ ಡೀಸೆಲ್ ಕಾರನ್ನೇ ಓಡಿಸುತ್ತಿದ್ದಾರೆ. ಕಳೆದ ವರ್ಷ ಸರ್ಕಾರ 2.5 ಕೋಟಿ ಪೌಂಡ್ ಎತ್ತಿಟ್ಟಿದೆ. ಫುಟ್‌ಪಾತಿನಲ್ಲಿ ಸಣ್ಣ ಕಾಲುವೆಯಂತೆ ಕೊರೆದು, ಮೇಲೆ ಮುಚ್ಚಳ ಹಾಕಿ, ಮನೆಯ ಕೇಬಲ್ ರಸ್ತೆಗೆ ತಲುಪುವ ಹಾಗೆ ಮಾಡುತ್ತಾರಂತೆ. ಆ ಕೆಲಸ ಬೇಗ ಆಗಲಿ.

ರಾತ್ರಿ ಯಾಕೆ ಇಷ್ಟು ಅಗ್ಗ ಅಂತ ನೀನು ಕೇಳೇ ಕೇಳುತ್ತೀಯ. ಇಲ್ಲಿ ಗಾಳಿಯಿಂದ ತುಂಬಾ ಕರೆಂಟು ಮಾಡುತ್ತಾರೆ. ಗಾಳಿ ರಾತ್ರಿಯೂ ಬೀಸುತ್ತದೆ, ಆದರೆ ಊರು ಮಲಗಿರುತ್ತದೆ. ಆ ಕರೆಂಟನ್ನು ಕಡಿಮೆ ದರಕ್ಕೆ ಕೊಡುತ್ತಾರೆ. ಸ್ಮಾರ್ಟ್ ಮೀಟರ್ ಇರಬೇಕು, ಅದಕ್ಕೆ ಅಂತಲೇ ಇರುವ ಪ್ಲಾನ್ ತೆಗೆದುಕೊಂಡಿರಬೇಕು. ಆ ಹೊತ್ತಿನಲ್ಲಿ ಇಡೀ ಮನೆಗೆ ಅದೇ ದರ. ಹಾಗಾಗಿ ಬಟ್ಟೆ ಒಗೆಯೋದು, ಪಾತ್ರೆ ತೊಳೆಯೋದು ಎಲ್ಲ ನಡುರಾತ್ರಿಗೆ ಟೈಮರ್ ಇಟ್ಟು ಮಲಗುತ್ತೇವೆ.

ನನಗೆ ತುಂಬಾ ಹಿಡಿಸಿದ ಒಂದು ಸಂಗತಿ ಇದೆ. 2022ರ ಜೂನ್‌ನಿಂದ ಇಲ್ಲಿ ಮನೆಗೆ ಮಾರುವ ಹೊಸ ಚಾರ್ಜರ್‌ಗಳಿಗೆ ಒಂದು ನಿಯಮವಿದೆ. ಟೈಮ್ ಆಯಿತು ಅಂತ ಅದು ತಕ್ಷಣ ಶುರುವಾಗುವ ಹಾಗಿಲ್ಲ. ಕೆಲವು ಸೆಕೆಂಡುಗಳಿಂದ ಹತ್ತು ನಿಮಿಷದವರೆಗೆ, ಒಂದೊಂದು ಮನೆಯಲ್ಲಿ ಒಂದೊಂದಷ್ಟು ಹೊತ್ತು ತಡೆದು ಶುರುವಾಗುತ್ತದೆ. ಊರಿನ ಕಾರುಗಳೆಲ್ಲ ಒಂದೇ ಗಳಿಗೆಗೆ ಕರೆಂಟು ಎಳೆದರೆ ಲೈನ್ ತಡೆಯಬೇಕಲ್ಲ! ನಮ್ಮ ಕಡೆ ಸಂಜೆ ಎಲ್ಲರೂ ಒಟ್ಟಿಗೆ ಪಂಪ್‌ಸೆಟ್ ಹಾಕಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತಿತ್ತಲ್ಲ, ಅಪ್ಪನಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ದೂರ ಹೋಗುವಾಗಿನ ಅಭ್ಯಾಸವೇ ಬೇರೆ. ಫಾಸ್ಟ್ ಚಾರ್ಜರ್‌ನಲ್ಲಿ ಬ್ಯಾಟರಿ ಶೇಕಡಾ 80ರವರೆಗೆ ಸರಸರ ತುಂಬುತ್ತದೆ. ಆಮೇಲೆ ಬ್ಯಾಟರಿ ಹಾಳಾಗದಿರಲಿ ಅಂತ ಕಾರೇ ವೇಗ ಇಳಿಸಿಕೊಳ್ಳುತ್ತದೆ. ಹಿಂದೆ ಯಾರಾದರೂ ಕಾಯುತ್ತಿದ್ದರೆ 80ಕ್ಕೇ ಬಿಚ್ಚಿ ಜಾಗ ಬಿಡೋದು ಮರ್ಯಾದೆ. ತುಂಬಿದ ಮೇಲೂ ಸುಮ್ನೆ ನಿಲ್ಲಿಸಿದ್ದರೆ ಕೆಲವು ಕಡೆ ದಂಡ ಹಾಕುತ್ತಾರೆ. ಮೊದಲು ಒಂದೊಂದು ಕಂಪನಿಗೆ ಒಂದೊಂದು ಆ್ಯಪ್ ಇಟ್ಟುಕೊಳ್ಳಬೇಕಿತ್ತು. 2024ರ ನವೆಂಬರ್‌ನಿಂದ ಫಾಸ್ಟ್ ಚಾರ್ಜರ್‌ಗಳಲ್ಲಿ ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಸಾಕು ಅಂತ ಕಾನೂನು ಬಂತು. ಚಳಿಗಾಲದಲ್ಲಿ ಮಾತ್ರ ಓಟ ಕಾಲುಭಾಗ ಕಡಿಮೆ. ಹೊರಡುವ ಮುಂಚೆ, ಕೇಬಲ್ ಇನ್ನೂ ಹಾಕಿರುವಾಗಲೇ, ಕಾರಿನ ಹೀಟರ್ ಆನ್ ಮಾಡುತ್ತೇವೆ. ಆಗ ಆ ಖರ್ಚು ಬ್ಯಾಟರಿಗೆ ಬೀಳುವುದಿಲ್ಲ.

ಈಗ ನಿನ್ನ ವಿಷಯ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗಿಬರೋದು ದಿನಕ್ಕೆ 40 ಕಿಲೋಮೀಟರ್, ತಿಂಗಳಿಗೆ ಸಾವಿರ ಅಂತ ಇಟ್ಟುಕೋ. ನೀನು ಹೇಳಿದ 45 ಯೂನಿಟ್ ಬ್ಯಾಟರಿಯ ನೆಕ್ಸಾನ್ ಕಾರಿಗೆ ಅಷ್ಟಕ್ಕೆ 150 ಯೂನಿಟ್ ಆದೀತು. ಮನೆಯಲ್ಲೇ ಹಾಕಿದರೆ, ಯೂನಿಟ್‌ಗೆ 6 ರೂಪಾಯಿ ಹಿಡಿದರೂ 900 ರೂಪಾಯಿ. ಪೆಟ್ರೋಲ್‌ಗೆ ಈಗ ತಿಂಗಳಿಗೆ 6,500 ದಾಟುತ್ತದೆ ಅಂತ ನೀನೇ ಅಂದಿದ್ದೆ. ನಮ್ಮ ರಾತ್ರಿ ದರ ಅಗ್ಗ ಅಂತ ಇಲ್ಲಿ ಎಲ್ಲರೂ ಖುಷಿಪಡುತ್ತಾರಲ್ಲ, ರೂಪಾಯಿಗೆ ತಿರುಗಿಸಿದರೆ ಅದೇ 8 ರೂಪಾಯಿ ಮೇಲಾಗುತ್ತದೆ. ನಿನ್ನದು ಅದಕ್ಕಿಂತ ಅಗ್ಗ, ಅದೂ ಹಗಲು ರಾತ್ರಿ ಎರಡೂ ಹೊತ್ತು.

ಆದರೆ ಗೃಹಜ್ಯೋತಿ ಲೆಕ್ಕ ನೋಡಿಕೋ. ಊರಿನ ನಮ್ಮ ಮನೆಗೆ ತಿಂಗಳಿಗೆ 110 ಯೂನಿಟ್ ಆಸುಪಾಸು ಬರುತ್ತದೆ, ಅದಕ್ಕೇ ಬಿಲ್ ಸೊನ್ನೆ. ಕಾರಿನದು ಸೇರಿದರೆ 260. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು, ಮನೆಯ 110 ಕೂಡ ಫ್ರೀ ಸಿಗುವುದಿಲ್ಲ. ಫಿಕ್ಸೆಡ್ ಚಾರ್ಜ್ ಬೇರೆ. ಅದೆಲ್ಲ ಸೇರಿ 2,000 ಆದರೂ ಪೆಟ್ರೋಲಿಗಿಂತ ಎಷ್ಟೋ ಮೇಲು. ಆದರೆ ಅಮ್ಮನಿಗೆ ಮೊದಲೇ ಹೇಳಿರು. ಸೊನ್ನೆ ಬಿಲ್ ನೋಡಿ ಅಭ್ಯಾಸವಾದವರಿಗೆ ಒಮ್ಮೆಲೇ ದೊಡ್ಡ ಬಿಲ್ ಬಂದರೆ ಗಾಬರಿಯಾಗುತ್ತದೆ.

ಎರಡನೇದು ಮೀಟರ್ ಬೋರ್ಡ್. ನಮ್ಮದು ಹಳೇ ಮನೆ. ಸ್ಯಾಂಕ್ಷನ್ ಲೋಡ್, ಅಂದರೆ ಒಟ್ಟಿಗೆ ಎಷ್ಟು ಕರೆಂಟು ಎಳೆಯೋಕೆ ಅನುಮತಿ ಇದೆ ಅಂತ ಬಿಲ್ಲಿನಲ್ಲಿ ನೋಡು. 15 ಆಂಪ್ಸ್ ಸಾಕೆಟ್‌ನ ಚಾರ್ಜರ್ 3 ಕಿಲೋವ್ಯಾಟ್ ಮೇಲೆಯೇ ಎಳೆಯುತ್ತದೆ, ಅದೂ ಗಂಟೆಗಟ್ಟಲೆ. ಬೆಳಿಗ್ಗೆ ಗೀಸರ್ ಹಾಕಿದಾಗ ಅದೂ ನಡೆಯುತ್ತಿದ್ದರೆ ಹಳೇ ವೈರಿಂಗ್ ತಡೆಯಲ್ಲ. ಮೀಟರಿನಿಂದ ಪೋರ್ಟಿಕೋವರೆಗೆ ಬೇರೆಯೇ ದಪ್ಪ ವೈರ್ ಎಳೆಸು, ಅದಕ್ಕೆ ಬೇರೆ ಎಂಸಿಬಿ (ಲೋಡ್ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸು. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಬೇಡವೇ ಬೇಡ, ಕರಗಿಹೋಗುತ್ತದೆ. ಅರ್ಥಿಂಗ್ ಹೊಸದಾಗಿ ಮಾಡಿಸು, ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕೋಕೆ ಅಪ್ಪನಿಗೆ ಹೇಳು. ರಾತ್ರಿ 10ಕ್ಕೆ ಹಾಕಿದರೆ ಬೆಳಿಗ್ಗೆ 7ರ ಹೊತ್ತಿಗೆ 20ರಿಂದ 80ಕ್ಕೆ ಬಂದಿರುತ್ತದೆ. ವಾರಕ್ಕೆ ಎರಡು ಸಲ ಸಾಕು.

ಅಪ್ಪನ ಪ್ರಶ್ನೆಗೂ ಉತ್ತರ ಕೊಡಬೇಕಲ್ಲ. ತೀರ್ಥಹಳ್ಳಿ ಅಜ್ಜಿ ಮನೆಗೆ ಹೋಗಿಬಂದರೂ ಅರ್ಧ ಬ್ಯಾಟರಿ ಉಳಿದಿರುತ್ತದೆ. ಆಗುಂಬೆ ಘಾಟಿ ಇಳಿಯುವಾಗ ಸ್ವಲ್ಪ ವಾಪಸ್ ತುಂಬುತ್ತದೆ, ಹತ್ತುವಾಗ ಜಾಸ್ತಿ ಕುಡಿಯುತ್ತದೆ. ಉಡುಪಿ, ಮಂಗಳೂರು ಕಡೆ ಹೋದರೆ ವಾಪಸ್ ಬರುವಾಗಿನದನ್ನೇ ಲೆಕ್ಕ ಹಾಕಬೇಕು. ಹೆದ್ದಾರಿ ಚಾರ್ಜರ್‌ಗಳಲ್ಲಿ ಅಲ್ಲೂ ಮನೆಯ ದರದ ಮೂರು ನಾಲ್ಕು ಪಟ್ಟು, ಅದು ಅಪರೂಪಕ್ಕೆ ಮಾತ್ರ ಇರಲಿ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡಬೇಡ.

ಶೋರೂಮಿಗೆ ಹೋಗುವ ಮುಂಚೆ ಬಿಲ್ ಹಿಡಿದು ಮೆಸ್ಕಾಂ ಆಫೀಸಿಗೆ ಹೋಗು. ಲೋಡ್ ಹೆಚ್ಚಿಸೋಕೆ ಡೆಪಾಸಿಟ್ ಎಷ್ಟು, ಕಾರಿಗೇ ಬೇರೆ ಮೀಟರ್ ಕೊಡುತ್ತಾರಾ, ಅದರ ದರ ಎಷ್ಟು, ಆಗ ಮನೆಯ ಗೃಹಜ್ಯೋತಿ ಹಾಗೇ ಉಳಿಯುತ್ತದಾ, ಎಲ್ಲ ಕೇಳಿ ಬರೆದುಕೊಂಡು ಬಾ. ಮೀಟರ್ ಬೋರ್ಡಿನ ಒಂದು ಫೋಟೋ ಕಳಿಸು, ನಿನ್ನ ಭಾವ ನೋಡಿ ಹೇಳುತ್ತಾರೆ. ಅಪ್ಪ ಅಮ್ಮನಿಗೆ ನಮ್ಮ ನಮಸ್ಕಾರ ತಿಳಿಸು, ಪುಟ್ಟಿಗೆ ಮುತ್ತು.

ಇಂತಿ,
ನಿನ್ನ ಅಕ್ಕ