ಆರೈಕೆದಾರರಿಗೆ ತರಬೇತಿ ಬೇಕು

ಸಂಪಾದಕರೇ,

ಕೊಪ್ಪಳದ ಹತ್ತಿರ, ಬುದ್ಧಿಮಾಂದ್ಯ ವಯಸ್ಕರು ಇರುವ ಮನೆಯೊಂದರಲ್ಲಿ ನಾನು ಆರೈಕೆ ಕೆಲಸ ಮಾಡುತ್ತೇನೆ. ಹೀಗೆಂದರೆ ಜನ ‘ಓ, ಮಕ್ಕಳನ್ನ ನೋಡ್ಕೊಳ್ಳೋದಾ’ ಅನ್ನುತ್ತಾರೆ. ಮಕ್ಕಳೆಲ್ಲಿ? ಒಬ್ಬರಿಗೆ ತಲೆಯೇ ನರೆತಿದೆ. ಮಂಡಾಳ ಒಗ್ಗರಣೆ ಜೊತೆ ಮಿರ್ಚಿ ಇಲ್ಲದಿದ್ದರೆ ತಟ್ಟೆ ಮುಟ್ಟುವುದಿಲ್ಲ. ಗವಿಮಠದ ತೇರು ಯಾವಾಗ ಎಂದು ದೀಪಾವಳಿಯಿಂದಲೇ ಕೇಳಲು ಶುರು. ಅಂಗಿ ನಾನೇ ಆರಿಸಿ ಕೊಟ್ಟ ದಿನ ಮುಖ ಊದಿಸಿಕೊಳ್ಳುತ್ತಾರೆ. ಎರಡು ಅಂಗಿ ಮುಂದಿಟ್ಟರೆ ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಆದರೆ ಜಗಳವಿಲ್ಲ. ಇಷ್ಟು ಕಲಿಯಲು ನನಗೇ ಆರು ತಿಂಗಳು ಬೇಕಾಯಿತು. ಮಾತು ಬಾರದ ಇನ್ನೊಬ್ಬರು ಕೆನ್ನೆ ಬಡಿದುಕೊಂಡರೆ ಅದು ಹಲ್ಲುನೋವು. ಹೊಸಬರಿಗೆ ಸುಮ್ನೆ ಹಟದಂತೆ ಕಾಣುತ್ತದೆ.

ಹೊಸಬರು ಬರುತ್ತಾರೆ, ನಿಲ್ಲುವುದಿಲ್ಲ. ರಾತ್ರಿ ಪಾಳಿ, ಫಿಟ್ಸ್ ಮಾತ್ರೆ, ಒದ್ದೆ ಹಾಸಿಗೆ. ಆ ಸಂಬಳಕ್ಕೆ ಯಾರು ನಿಲ್ಲುತ್ತಾರೆ, ಅಲ್ವಾ?

ಹೆತ್ತವರಿಗೂ ಒಂದು ಮಾತು. ಮಗನಿಗೆ 18 ತುಂಬಿದ ಮೇಲೆ ನೀವು ತಾನಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ, ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು. ಅದೇ ಟ್ರಸ್ಟಿನ ‘ನಿರಾಮಯ’ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ನಮ್ಮಲ್ಲಿಗೆ ಬರುವ ಅಪ್ಪ-ಅಮ್ಮಂದಿರಲ್ಲಿ ಬಹಳ ಮಂದಿ ಎರಡನ್ನೂ ಕೇಳಿಯೇ ಇಲ್ಲ.

ಜಿಲ್ಲಾಡಳಿತ ತಾಲ್ಲೂಕಿಗೊಂದು ದಿನ ಇದಕ್ಕಾಗಿ ಶಿಬಿರ ಇಡಬಾರದೇ? ನಮ್ಮಂಥವರಿಗೂ ಅಲ್ಲೇ ತರಬೇತಿ ಕೊಡಲಿ. ಬೆಂಗಳೂರಿಗೆ ಹೋಗಿ ಬರಲು ನಮಗೆ ರಜೆ ಸಿಗುವುದಿಲ್ಲ.

– ಒಬ್ಬ ಆರೈಕೆದಾರ್ತಿ, ಕೊಪ್ಪಳ